ಓಂ ಬೀಚಿನ ಆಚೆಗೆ, ಟ್ರೈಪಾಡ್ ಹೊತ್ತು

ಗೋಕರ್ಣದ ಓಂ ಬೀಚಿನವರೆಗೆ ಗಾಡಿ ಹೋಗುತ್ತದೆ. ಕಡಲಿನ ಫೋಟೊ ತೆಗೆಯಲು ನನಗೆ ಬೇಕಾದ ಜಾಗ ಅದರಾಚೆ. ಹಾಫ್ ಮೂನ್, ಪ್ಯಾರಡೈಸ್ ಬೀಚುಗಳಿಗೆ ದೋಣಿಯಲ್ಲಿ ಹೋಗಬೇಕು, ಇಲ್ಲ ಗುಡ್ಡ ಹತ್ತಿ ನಡೆಯಬೇಕು. ನಾನು ನಡೆಯುವವನು. ದೋಣಿ ಹತ್ತಿದರೆ ಗುಡ್ಡದ ಅಂಚಿನಿಂದ ಕಾಣುವ ಕಡಲು ಸಿಗುವುದೇ ಇಲ್ಲ.

ಹೊರಡುವ ಮೊದಲು ನಾನು ನೋಡುವುದು ಭರತ, ಇಳಿತದ ವೇಳೆ. ಅದು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತಾ ಇರುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಏರುವುದೂ ಜಾಸ್ತಿ, ಇಳಿಯುವುದೂ ಜಾಸ್ತಿ. ಸೂರ್ಯ ಮುಳುಗುವ ಹೊತ್ತಿಗೆ ನೀರು ಇಳಿಯುತ್ತಿರಬೇಕು. ಆಗ ಬುಡದ ಕಪ್ಪು ಬಂಡೆಗಳು ಒದ್ದೆ ಮೈಯಲ್ಲಿ ಹೊರಗೆ ಬರುತ್ತವೆ, ವಾಪಸ್ ಬರುವ ದಾರಿಯೂ ಮುಚ್ಚುವುದಿಲ್ಲ. ನೀರು ಏರುವ ಸಂಜೆ ಕೆಳಗೆ ಇಳಿಯುವುದೇ ಇಲ್ಲ, ಮೇಲಿಂದಲೇ ತೆಗೆಯುತ್ತೇನೆ. ಬಲೆ ಸರಿಮಾಡುತ್ತ ಕೂತ ಮೀನುಗಾರರನ್ನೂ ಒಮ್ಮೆ ಕೇಳುತ್ತೇನೆ. "ಇವತ್ತು ತೆರೆ ಜೋರಿದೆ, ಆ ಮೂಲೆಗೆ ಹೋಗಬೇಡಿ" ಎಂದರೆ ಅಲ್ಲಿಗೆ ಮುಗಿಯಿತು, ಆ ಮೂಲೆ ಬೇಡ.

ಮಳೆಗಾಲದಲ್ಲಿ ಹೋಗುವುದಿಲ್ಲ. ಮಳೆ ಮುಗಿದ ಮೇಲಿನ ವಾರಗಳೇ ನನಗೆ ಇಷ್ಟ. ಗಾಳಿ ತೊಳೆದಂತಿರುತ್ತದೆ, ಗುಡ್ಡದ ಹುಲ್ಲು ಇನ್ನೂ ಹಸಿರು. ಡಿಸೆಂಬರಿನಲ್ಲಿ ಇನ್ನೊಂದು ಲಾಭ ಇದೆ. ಸೂರ್ಯ ನೈಋತ್ಯಕ್ಕೆ ಸರಿದು ಮುಳುಗುವುದರಿಂದ ಬಂಡೆಗಳಿಗೆ ಪಕ್ಕದಿಂದ ಬೆಳಕು ಬೀಳುತ್ತದೆ. ಚಿರೇಕಲ್ಲಿನ ಒಂದೊಂದು ತೂತಿನಲ್ಲೂ ನೆರಳು ತುಂಬಿ, ಕಲ್ಲಿನ ಕೆಂಪು ಎದ್ದು ಕಾಣುತ್ತದೆ. ಒದ್ದೆ ಕಲ್ಲಿನ ಹೊಳಪು ಕಣ್ಣಿಗೆ ಹೊಡೆದರೆ ಲೆನ್ಸಿಗೆ ಪೋಲರೈಸರ್ (ಹೊಳಪು ತಗ್ಗಿಸುವ ಫಿಲ್ಟರ್) ಹಾಕಿ ಮೆಲ್ಲಗೆ ತಿರುಗಿಸುತ್ತೇನೆ, ಬಣ್ಣ ವಾಪಸ್ ಬರುತ್ತದೆ.

ಕಡಲನ್ನು ಹಾಲಿನ ಹಾಗೆ ನುಣ್ಣಗೆ ಮಾಡುವ ಫೋಟೊ ನನಗೆ ಹಿಡಿಸುವುದಿಲ್ಲ. ಅರಬ್ಬೀ ಸಮುದ್ರದ ತೆರೆಗೆ ಬಲ ಇದೆ, ಅದು ಚಿತ್ರದಲ್ಲಿ ಕಾಣಬೇಕು ಅಲ್ವಾ? ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100, ಲೆನ್ಸಿನ ಕಿಂಡಿ ಎಫ್ 11, ಶಟರ್ ತೆರೆದಿರುವುದು ಅರ್ಧ ಸೆಕೆಂಡಿನ ಆಸುಪಾಸು. ಬೆಳಕು ಜಾಸ್ತಿ ಇದ್ದರೆ ಅದನ್ನು ತಗ್ಗಿಸುವ ಎನ್‌ಡಿ ಫಿಲ್ಟರ್. ತೆರೆ ಬಂದು ಬಡಿಯುವಾಗ ಕ್ಲಿಕ್ ಮಾಡುವುದಿಲ್ಲ, ಹಿಂದೆ ಸರಿಯುವಾಗ ಮಾಡುತ್ತೇನೆ. ಆಗ ಬಂಡೆಯ ಸಂದಿಗಳಿಂದ ನೊರೆ ಎಳೆ ಎಳೆಯಾಗಿ ಇಳಿಯುತ್ತದೆ. ಅರ್ಧ ಸೆಕೆಂಡಿನಲ್ಲಿ ಆ ಎಳೆಗಳು ಉಳಿಯುತ್ತವೆ, ಹತ್ತು ಸೆಕೆಂಡು ಕೊಟ್ಟರೆ ಬರೀ ಮಂಜು.

ಸೂರ್ಯ ಮುಳುಗಿದ ತಕ್ಷಣ ಟ್ರೈಪಾಡ್ ಮಡಚಬೇಡಿ. ಒಳ್ಳೆಯ ಬಣ್ಣ ಬರುವುದು ಆಮೇಲೆ. ಆದರೆ ನಮ್ಮ ಕಡೆ ಸಂಜೆಬೆಳಕು ಸುಮಾರು 20-25 ನಿಮಿಷಕ್ಕಿಂತ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ವಾಪಸ್ ದಾರಿಯಲ್ಲಿ ಸಡಿಲ ಕಲ್ಲು, ಬೇರು, ಒಂದು ಕಡೆ ಇಳಿಜಾರು. ಅದಕ್ಕೇ ಹೋಗುವಾಗಲೇ ತಿರುವುಗಳನ್ನು ನೋಡಿಟ್ಟುಕೊಳ್ಳುತ್ತೇನೆ. ಹಣೆಗೆ ಕಟ್ಟುವ ಟಾರ್ಚು ಬ್ಯಾಗಿನ ಮೇಲಿನ ಜೇಬಿನಲ್ಲೇ ಇರುತ್ತದೆ. ಒಬ್ಬನೇ ಅಂತೂ ಹೋಗುವುದಿಲ್ಲ.

ರೂಮಿಗೆ ಬಂದ ಮೇಲೆ ಎಷ್ಟೇ ಸುಸ್ತಾಗಿರಲಿ, ಟ್ರೈಪಾಡಿನ ಕಾಲುಗಳನ್ನು ಪೂರ್ತಿ ಎಳೆದು ಸಿಹಿನೀರಲ್ಲಿ ತೊಳೆದು ಒಣಗಲು ಬಿಡುತ್ತೇನೆ. ಲೆನ್ಸಿನ ಮೇಲಿನ ಉಪ್ಪನ್ನು ಒಣಬಟ್ಟೆಯಲ್ಲಿ ತಿಕ್ಕಿದರೆ ಗೀರು ಬೀಳುತ್ತದೆ. ಮೊದಲು ಗಾಳಿ ಊದುವ ಬ್ಲೋವರ್, ಆಮೇಲೆ ಸ್ವಲ್ಪ ಒದ್ದೆ ಮಾಡಿದ ಮೈಕ್ರೋಫೈಬರ್ ಬಟ್ಟೆ.