ವೃದ್ಧಾಶ್ರಮಕ್ಕೆ ಹೊಸದಾಗಿ ಬಂದ ಹಿರಿಯರ ಮನಸ್ಸನ್ನು ನೋಡಿಕೊಳ್ಳುವ ಬಗೆ
ವೃದ್ಧಾಶ್ರಮಕ್ಕೆ ಸೇರಿದ ಮೊದಲ ಕೆಲವು ವಾರಗಳು ಹಿರಿಯರಿಗೆ ಬಹಳ ಕಷ್ಟದವು. ಆದ್ದರಿಂದ ಅವರು ಮನೆಯಲ್ಲಿ ಎಷ್ಟು ಹೊತ್ತಿಗೆ ಏಳುತ್ತಿದ್ದರು, ಕಾಫಿಗೆ ಸಕ್ಕರೆ ಎಷ್ಟು ಹಾಕಿಕೊಳ್ಳುತ್ತಿದ್ದರು, ಯಾವ ದೇವರ ಪಟಕ್ಕೆ ಹೂವಿಡುತ್ತಿದ್ದರು ಎಂಬುದನ್ನೆಲ್ಲ ಕೇಳಿ ತಿಳಿದುಕೊಂಡು, ಸಾಧ್ಯವಾದಷ್ಟನ್ನು ಹಾಗೆಯೇ ಮುಂದುವರಿಸಿ. ಮಾತನಾಡುವಾಗ ಎದುರಿಗೆ ಕುಳಿತುಕೊಳ್ಳಿ. “ಮಗ ಯಾವಾಗ ಬರುತ್ತಾನೆ?” ಎಂದು ಅಜ್ಜಿ ಕೇಳಿದರೆ “ನಾಳೆ” ಎಂಬ ಸುಳ್ಳು ಸಮಾಧಾನ ಖಂಡಿತ ಬೇಡ; “ಅವರ ನೆನಪಾಗುತ್ತಿದೆಯೇ ಅಜ್ಜಿ, ಫೋನ್ ಮಾಡೋಣವೇ?” ಎಂದು ಕೇಳುವುದೇ ಸರಿ. ಊಟ ಬಿಡುವುದು, ನಿದ್ದೆಗೆಡುವುದು, ಮೆಚ್ಚಿನ ಕೆಲಸದಲ್ಲೂ ಆಸಕ್ತಿ ಕಳೆದುಕೊಳ್ಳುವುದು ಎರಡು ವಾರ ಮೀರಿದರೆ, ವಯಸ್ಸಾದ ಮೇಲೆ ಇದು ಸಹಜವೆಂದು ತಳ್ಳಿಹಾಕದೆ ವೈದ್ಯರಿಗೆ ತೋರಿಸಿ, ಏಕೆಂದರೆ ಖಿನ್ನತೆಗೆ ಆ ವಯಸ್ಸಿನಲ್ಲೂ ಚಿಕಿತ್ಸೆಯಿದೆ. ಸಲಹೆಗೆ ಹಿರಿಯ ನಾಗರಿಕರ ಉಚಿತ ಸಹಾಯವಾಣಿ 14567ಕ್ಕೆ ಕರೆ ಮಾಡಬಹುದು.