ಶಾಂತ ನೀರಲ್ಲೂ ಜಗ್ಗಾಡುತ್ತಿದ್ದ ಹಡಗು: ನನ್ನ ಅನುಭವ

ಬರ್ತ್‌ನಲ್ಲಿ, ಅಂದರೆ ಬಂದರಿನ ಕಟ್ಟೆಯ ಪಕ್ಕ, ಕಟ್ಟಿದ್ದ ನಮ್ಮ ಹಡಗು ಹಿಂದೆ ಮುಂದೆ ಜಗ್ಗಾಡುತ್ತಿತ್ತು. ಗಾಳಿ ಜಾಸ್ತಿ ಇರಲಿಲ್ಲ, ನೀರೂ ಶಾಂತವಾಗಿತ್ತು. ಆದರೂ ಒಂದು ಸ್ಪ್ರಿಂಗ್ ಲೈನ್ (ಹಡಗಿನ ಬದಿಯ ಉದ್ದಕ್ಕೆ ಚಾಚಿ ಕಟ್ಟೆಗೆ ಕಟ್ಟುವ ಹಗ್ಗ) ಹರಿಯುವ ಹಾಗಾಗಿತ್ತು. ಸರಕು ಇಳಿಸುವುದನ್ನು ನಿಲ್ಲಿಸಿದೆವು.

ಗಾಳಿಯ ವೇಗ 2 ಪಟ್ಟಾದರೆ ಅದರ ಬಲ 4 ಪಟ್ಟಾಗುತ್ತದೆ. ನೀರಿನ ಹರಿವಿಗೂ ಅದೇ ಲೆಕ್ಕ. ಹಡಗಿನ ತಳದ ಕೆಳಗೆ ನೀರು ಕಡಿಮೆ ಇದ್ದರೆ ಹರಿವಿನ ಒತ್ತಡ ಇನ್ನೂ ಜಾಸ್ತಿ. ಆದರೆ ಇಲ್ಲಿ ಎರಡೂ ಕಾರಣ ಅಲ್ಲ ಅನಿಸಿತು. ಗಡಿಯಾರ ಹಿಡಿದು ನೋಡಿದೆ. ಒಂದು ಸಲ ಹೋಗಿ ಬರಲು ಒಂದು ನಿಮಿಷಕ್ಕಿಂತ ಹೆಚ್ಚು! ಸಾಮಾನ್ಯ ಅಲೆ ಇಷ್ಟು ನಿಧಾನ ಇರುವುದಿಲ್ಲ ಅಲ್ವಾ? ದೂರದ ಬಿರುಗಾಳಿಯ ಅಲೆಗಳ ಜೊತೆ ಬರುವ ಉದ್ದನೆಯ ಅಲೆ ಇದು. ಎತ್ತರ ತೀರಾ ಕಡಿಮೆ, ಕಣ್ಣಿಗೆ ಕಾಣುವುದೇ ಇಲ್ಲ. ಕಟ್ಟಿದ ಹಡಗು ತಾನಾಗಿ ಓಲಾಡುವ ಲಯಕ್ಕೆ ಅದು ಹೊಂದಿಕೊಂಡರೆ, ಜೋಕಾಲಿಯನ್ನು ಸರಿಯಾದ ಹೊತ್ತಿಗೆ ತಳ್ಳಿದ ಹಾಗೆ ಓಲಾಟ ಬೆಳೆಯುತ್ತದೆ.

ಹಗ್ಗಗಳನ್ನು ಒಂದೊಂದಾಗಿ ನೋಡಿದೆವು. ಕೆಲವು ಸಡಿಲ, ಕೆಲವು ಬಿಗಿ. ಬಿಗಿ ಇದ್ದದ್ದೇ ಎಲ್ಲಾ ಭಾರ ಹೊರುತ್ತಿತ್ತು. ಹಿಂದೆ ಮುಂದೆ ಹೋಗುವುದನ್ನು ತಡೆಯುವ ಮುಖ್ಯ ಕೆಲಸ ಸ್ಪ್ರಿಂಗ್ ಲೈನ್‌ಗಳದ್ದು. ಅದಕ್ಕೇ ಸವೆದದ್ದನ್ನು ಬದಲಿಸಿ, ಇನ್ನೊಂದು ಜೋಡಿ ಸೇರಿಸಿದೆವು. ಎಲ್ಲವೂ ಒಂದೇ ಬಗೆಯ ಹಗ್ಗ, ಸುಮಾರು ಒಂದೇ ಉದ್ದ. ಬೇರೆ ಬೇರೆ ಬಗೆ ಸೇರಿಸಿದರೆ ಹಿಗ್ಗದ ಹಗ್ಗ ಮೊದಲು ಹರಿಯುತ್ತದೆ. ಆಮೇಲೆ ಎಲ್ಲದರಲ್ಲೂ ಸಮನಾಗಿ ಬಿಗಿ ಕೊಟ್ಟೆವು. ಆ ಹೊತ್ತಿಗೆ ಹಗ್ಗದ ಹತ್ತಿರ ಯಾರನ್ನೂ ಸುಮ್ನೆ ನಿಲ್ಲಲು ಬಿಡಬೇಡಿ. ಹರಿದ ಹಗ್ಗದ ಹೊಡೆತಕ್ಕೆ ಜೀವ ಹೋಗುತ್ತದೆ.

ಓಲಾಟ ಸಾಕಷ್ಟು ತಗ್ಗಿತು, ಕೆಲಸ ಮತ್ತೆ ಶುರುವಾಯಿತು. ಉಬ್ಬರ ಇಳಿತಕ್ಕೆ ಬಿಗಿ ಬದಲಾಗುತ್ತಿತ್ತು, ಹಾಗಾಗಿ ಪ್ರತಿ ಪಾಳಿಯಲ್ಲೂ ಒಬ್ಬರನ್ನು ಹಗ್ಗ ನೋಡಿಕೊಳ್ಳಲು ನಿಲ್ಲಿಸಿದೆವು.