ಕಬ್ಬಿನ ಹೊಲದ ಪೆಟ್ಟಿಗೆಗೆ ಸಿಸ್ಟಮ್‌ಡಿ ಬೇಕಿತ್ತಾ?

ಬೆಳಗಾವಿಯ ಉದ್ಯಮಬಾಗದ ಒಂದು ಸಣ್ಣ ಶೆಡ್ಡಿನಲ್ಲಿ ಪಂಪ್‌ಸೆಟ್ ಕಂಟ್ರೋಲರ್ ಮಾಡುತ್ತೇನೆ. ಮೊದಲ ಪೆಟ್ಟಿಗೆಯಲ್ಲಿ 512 ಎಂಬಿ ರ‍್ಯಾಮ್‌ನ ಬೋರ್ಡ್ ಇತ್ತು, ಅದರ ಮೇಲೆ ಡೆಬಿಯನ್ ಅನ್ನೋ ಲಿನಕ್ಸ್. ಬೋರ್ಡ್ ಆನ್ ಆದಾಗ ಮೊದಲು ಎದ್ದು, ಉಳಿದ ಪ್ರೋಗ್ರಾಮ್‌ಗಳನ್ನೆಲ್ಲ ಎಬ್ಬಿಸುವ ಕೆಲಸ ಅದರಲ್ಲಿ ಸಿಸ್ಟಮ್‌ಡಿಯದು. 2015ರಿಂದ ಡೆಬಿಯನ್ ಜೊತೆ ಅದೇ ಬರುತ್ತದೆ. ನಾನೇನು ಆರಿಸಿದ್ದಲ್ಲ.

ಗೋಕಾಕ ಕಡೆ ಒಬ್ಬ ಕಾಕಾನ ಕಬ್ಬಿನ ಹೊಲದಲ್ಲಿ ಕೂರಿಸಿ ಬಂದೆ. ನಾಲ್ಕನೇ ದಿನ ಫೋನ್. "ಕರೆಂಟ್ ಬಂದ್ರೂ ನಿನ್ನ ಪೆಟ್ಟಿಗಿ ಎರಡ್ ನಿಮಿಷ ಸುಮ್ಮನ ಕುಂತಿರ್ತೈತಲ್ಲೋ ತಮ್ಮಾ. ಚಾ ಕುಡಿತೈತೇನು?"

ತ್ರೀ ಫೇಸ್ ಇರುವುದೇ ಕೆಲವು ತಾಸು. ನಡುವೆ ಹೋಗಿ ಬಂದಾಗೆಲ್ಲ ಎರಡು ನಿಮಿಷ ಅಂದರೆ ಯಾರಿಗಾದರೂ ಸಿಟ್ಟು ಬರುತ್ತದೆ. ಸಿಸ್ಟಮ್‌ಡಿಯನ್ನು ಬೈಯುತ್ತಲೇ ಹೋದೆ. ಲ್ಯಾಪ್‌ಟಾಪ್ ಹಚ್ಚಿ, ಏಳುವಾಗ ಯಾವುದು ಯಾವುದಕ್ಕೆ ಕಾಯುತ್ತದೆ ಅಂತ ತೋರಿಸುವ 'ಸಿಸ್ಟಮ್‌ಡಿ-ಅನಲೈಜ್ ಕ್ರಿಟಿಕಲ್-ಚೈನ್' ಕಮಾಂಡ್ ಹೊಡೆದೆ. ನೋಡಿದರೆ ನನ್ನ ಪ್ರೋಗ್ರಾಮ್ ನೆಟ್‌ವರ್ಕ್‌ಗಾಗಿ ಕಾಯುತ್ತಿತ್ತು! ಹೊಲದಲ್ಲಿ ಸಿಮ್‌ಗೆ ಸಿಗ್ನಲ್ ಇಲ್ಲ. ನೆಟ್‌ವರ್ಕ್ ಬರಲಿ ಅಂತ ಕಾಯುವ ವೇಟ್-ಆನ್‌ಲೈನ್ ಅನ್ನೋ ಸರ್ವಿಸ್ ಪೂರ್ತಿ 120 ಸೆಕೆಂಡ್ ಕಾದು ಕೈಬಿಡುತ್ತಿತ್ತು. ನೆಟ್‌ವರ್ಕ್ ಬಂದ ಮೇಲೆಯೇ ಶುರುವಾಗು ಎಂದು ಯೂನಿಟ್ ಫೈಲಿನಲ್ಲಿ, ಅಂದರೆ ಪ್ರೋಗ್ರಾಮನ್ನು ಹೇಗೆ ಎಬ್ಬಿಸಬೇಕು ಅಂತ ಸಿಸ್ಟಮ್‌ಡಿಗೆ ಹೇಳುವ ಫೈಲಿನಲ್ಲಿ, ಬರೆದವನು ನಾನೇ. ಮೋಟರ್ ಹಾಕಲು ಇಂಟರ್ನೆಟ್ ಯಾಕೆ? ಆ ಸಾಲು ಅಳಿಸಿದೆ, ಮುಗೀತು.

ಆಮೇಲೆ ರೊಕ್ಕ ಉಳಿಸಲು 64 ಎಂಬಿ ರ‍್ಯಾಮ್, 16 ಎಂಬಿ ಫ್ಲ್ಯಾಶ್‌ನ ಬೋರ್ಡಿಗೆ ಇಳಿದೆ. ಇಲ್ಲಿ ಸಿಸ್ಟಮ್‌ಡಿಯ ಮಾತೇ ಇಲ್ಲ. ಜಿಲಿಬ್‌ಸಿ ಅನ್ನೋ ದೊಡ್ಡ ಲೈಬ್ರರಿ, ಹಾರ್ಡ್‌ವೇರ್ ನೋಡಿಕೊಳ್ಳುವ ಯುಡೆವ್, ಲಾಗ್ ಬರೆದಿಡುವ ಜರ್ನಲ್ ಅಂತ ಇಡೀ ದಿಬ್ಬಣವನ್ನೇ ಕರೆತರುತ್ತದೆ. ಸಣ್ಣ ಬೋರ್ಡಿಗೆ ಲಿನಕ್ಸ್ ಕಟ್ಟಿಕೊಡುವ ಬಿಲ್ಡ್‌ರೂಟ್‌ನಲ್ಲಿ, ಸಿಸ್ಟಮ್‌ಡಿ ಬದಲು ಪುಟ್ಟದಾದ ಬಿಸಿಬಾಕ್ಸ್ ಇನಿಟ್ ತಗೊಂಡೆ. ಅದರ ಸೆಟ್ಟಿಂಗ್ ಫೈಲ್ ಇನಿಟ್‌ಟ್ಯಾಬ್‌ನಲ್ಲಿ ಒಂದೇ ಸಾಲು: ರೀಸ್ಪಾನ್, ಮುಂದೆ ಪ್ರೋಗ್ರಾಮ್‌ನ ಹೆಸರು. ಸತ್ತರೆ ಮತ್ತೆ ಎಬ್ಬಿಸುತ್ತದೆ.

ಸಾಯಲಿಲ್ಲ, ಅದೇ ಫಜೀತಿ. ಒಂದು ರಾತ್ರಿ ನೀರಿನ ಸೆನ್ಸರ್‌ನಿಂದ ಉತ್ತರ ಬಾರದೆ ಪ್ರೋಗ್ರಾಮ್ ಅಲ್ಲೇ ಕಾಯುತ್ತ ನಿಂತಿತು. ಪ್ರೋಗ್ರಾಮ್ ಜೀವಂತ, ಮೋಟರ್‌ನ ಸ್ವಿಚ್ಚಾದ ರಿಲೇ ಆನ್. ಬಾವಿಯ ನೀರು ತಳ ಕಂಡರೂ ಮೋಟರ್ ಓಡುತ್ತಲೇ ಇತ್ತು. ವೈಂಡಿಂಗ್ ಸುಟ್ಟಿತು, ಖರ್ಚು ನಾನೇ ಕೊಟ್ಟೆ. ಸಿಸ್ಟಮ್‌ಡಿ ಇದ್ದಿದ್ದರೆ ವಾಚ್‌ಡಾಗ್‌ಸೆಕ್ ಅನ್ನೋ ಸಾಲು, ಜೊತೆಗೆ ರೀಸ್ಟಾರ್ಟ್ ಸಾಲು ಹಾಕಿ, ಪ್ರೋಗ್ರಾಮ್ ಆಗಾಗ 'ಇದ್ದೀನಿ' ಅನ್ನುವಂತೆ ಮಾಡಬಹುದಿತ್ತು. ಸುಮ್ಮನಾದರೆ ಅದನ್ನು ಕೊಂದು ಹೊಸದಾಗಿ ಎಬ್ಬಿಸುತ್ತಿತ್ತು.

ಬಿಸಿಬಾಕ್ಸ್‌ನಲ್ಲೂ ವಾಚ್‌ಡಾಗ್ ಅಂತ ಒಂದು ಪುಟ್ಟ ಪ್ರೋಗ್ರಾಮ್ ಇದೆ. ಆಗಾಗ ತಟ್ಟದಿದ್ದರೆ ಬೋರ್ಡನ್ನೇ ರೀಬೂಟ್ ಮಾಡುವ ಒಂದು ವಾಚ್‌ಡಾಗ್ ಟೈಮರ್ ಬೋರ್ಡಿನಲ್ಲೇ ಇರುತ್ತದೆ. ಆದರೆ ಆ ಪ್ರೋಗ್ರಾಮ್ ಸುಮ್ನೆ ಆ ಟೈಮರ್ ತಟ್ಟುತ್ತ ಇರುತ್ತದೆ, ನನ್ನ ಪ್ರೋಗ್ರಾಮ್ ಎದ್ದಿದೆಯಾ ಮಲಗಿದೆಯಾ ನೋಡುವುದಿಲ್ಲ. ಅದನ್ನು ತೆಗೆದೆ. ಈಗ ಸೆನ್ಸರ್ ಓದಿದ ಮೇಲಷ್ಟೇ ನನ್ನ ಪ್ರೋಗ್ರಾಮೇ ಟೈಮರ್ ತಟ್ಟುತ್ತದೆ. 15 ಸೆಕೆಂಡ್ ತಟ್ಟದಿದ್ದರೆ ಬೋರ್ಡ್ ರೀಬೂಟ್, ರಿಲೇ ಆಫ್.

ಕಾಕಾನ ಹಳೇ ಪೆಟ್ಟಿಗೆಯಲ್ಲಿ ಸಿಸ್ಟಮ್‌ಡಿ ಇನ್ನೂ ಇದೆ. ತೆಗೆಯಲು ಕಾರಣ ಸಿಗಲಿಲ್ಲ. ಜರ್ನಲ್ ಮಾತ್ರ ರ‍್ಯಾಮ್‌ನಲ್ಲೇ ಇರುವಂತೆ ಮಾಡಿದ್ದೇನೆ, ಎಸ್‌ಡಿ ಕಾರ್ಡ್ ಸವೆಯಬಾರದಲ್ವಾ.